ಯಾವ ಕಲ್ಲು ಅದಿರು?



ನಾವು ಕಬ್ಬಿಣವೆಂದರೆ ಪಕ್ಕದ ಮನೆಯವರು ಲೋಖಂಡ ಎನ್ನುತ್ತಾರೆ. ಎರಕದ ಕಬ್ಬಿಣಕ್ಕೆ ಮಾತ್ರ ಇಬ್ಬರದೂ ಒಂದೇ ಮಾತು: ನಮಗೆ ಬೀಡು, ಅವರಿಗೆ ಬೀಡ. 1910ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಕಾರ್ಖಾನೆಯನ್ನು ಬೆಳಗಾವಿಯಿಂದ ಇಂದಿನ ಸಾಂಗಲಿ ಜಿಲ್ಲೆಗೆ ತಂದು ಕಬ್ಬಿಣದ ನೇಗಿಲು ಮಾಡಿದ ಕಥೆ ನಿಮಗೆ ಗೊತ್ತೇ ಇದೆ. ಆ ಬೀಡಿಗೆ ಮೂಲ ಅದಿರು. ಹಾಗಾದರೆ ಯಾವ ಕಲ್ಲನ್ನು ಅದಿರು ಎನ್ನಬೇಕು?

ಸಾಂಗಲಿ, ಮಿರಜಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ಹಳ್ಳದ ಮರಳಿನಲ್ಲಿ ಸೂಜಿಗಲ್ಲು, ಅಂದರೆ ಲೋಹಚುಂಬಕ, ಆಡಿಸಿ ನೋಡಿ. ಕರಿಯ ಕಣಗಳು ಅಂಟಿಕೊಳ್ಳುತ್ತವೆ. ಅದರಲ್ಲಿ ಕಬ್ಬಿಣವಿದ್ದರೂ ಕರಗಿಸಿದರೆ ಖರ್ಚು ಹುಟ್ಟದು. ಆದ್ದರಿಂದ ಅದು ಅದಿರಲ್ಲ.

ದಕ್ಷಿಣಕ್ಕೆ ಹೋದರೆ 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಿವೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಅದಿರು ಇದೇ ಶಿಲಾಬಳಗದ್ದು. ಅದಿರಿನ ಜಾತಿ ತಿಳಿಯಲು ಒರಟು ಪಿಂಗಾಣಿಯ ಮೇಲೆ ಗೀಚಿದರೆ ಸಾಕು. ಕೆಂಪು ಗೆರೆ ಮೂಡಿದರೆ ಹೆಮಟೈಟ್. ನಮ್ಮ ಕಾವಿ, ಮರಾಠಿಯ ಗೇರು, ಅದರ ಬಳಗವೇ. ಕಪ್ಪು ಗೆರೆ ಮ್ಯಾಗ್ನಟೈಟಿನದು, ಹಳದಿಗಂದು ಲಿಮೋನೈಟಿನದು. ಶುದ್ಧ ಹೆಮಟೈಟಿನಲ್ಲಿ ನೂರಕ್ಕೆ 70, ಮ್ಯಾಗ್ನಟೈಟಿನಲ್ಲಿ 72 ಪಾಲು ಕಬ್ಬಿಣವಿರುತ್ತದೆ. ಗಣಿಯಲ್ಲಿ ಅಷ್ಟು ಶುದ್ಧ ಕಲ್ಲು ಸಿಗುವುದು ಅಪರೂಪ. ಹೀಗಾಗಿ ನೂರಕ್ಕೆ ಎಷ್ಟು, ಗಟ್ಟಿಯೋ ಪುಡಿಯೋ ಎಂದು ನೋಡಿ ದರ್ಜೆ ಕಟ್ಟುತ್ತಾರೆ.

ಈ ದರ್ಜೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1923ರಲ್ಲಿ ಇದ್ದಿಲಿನಿಂದ ಉರಿದ ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರು ಬಂತು. ಅದರ ಜಾತಿಯನ್ನು ಊರಿನ ಹೆಸರೇ ಹೇಳುತ್ತದೆ. ಕುದುರೆಮುಖದ ಮ್ಯಾಗ್ನಟೈಟನ್ನು ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದರಲ್ಲಿ ಕಬ್ಬಿಣ ಶೇಕಡಾ 40 ಕೂಡ ಇರಲಿಲ್ಲ. ಅರೆದು, ಕಬ್ಬಿಣವನ್ನು ಬೇರ್ಪಡಿಸುವ ದೊಡ್ಡ ಯಂತ್ರಗಳು ಬರುವವರೆಗೆ ಅದು ಬರೀ ಗುಡ್ಡವಾಗಿಯೇ ಉಳಿಯಿತು. 1976ರಲ್ಲಿ ಅಲ್ಲಿ ಕಂಪನಿ ಸ್ಥಾಪನೆಯಾಯಿತು; ಕಾಡು ಮತ್ತು ಭದ್ರಾ ನದಿಯ ಪ್ರಶ್ನೆ ಎದ್ದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಸಂಡೂರಿನ ಕಡೆ ಹಿಂದೆ ಕಸವೆಂದು ಸುರಿದ ಪುಡಿಗೂ 2000ದ ನಂತರ ಚೀನಾದ ಬೇಡಿಕೆಯಿಂದ ಬೆಲೆ ಬಂತು. 2009ರಲ್ಲಿ ಸರಕಾರದ ಗಣಿ ಬ್ಯೂರೋ ಹೆಮಟೈಟ್ ಅದಿರಿನ ಕೆಳಮಿತಿಯನ್ನು ಶೇಕಡಾ 45 ಎಂದು ಗೊತ್ತುಮಾಡಿತು. ಅಕ್ರಮ ಮಿತಿಮೀರಿದಾಗ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಆಗ ಗಣಿಗಳಿಗೇ ದರ್ಜೆ ಬಿತ್ತು: ಎ, ಬಿ, ಸಿ. ತೀರಾ ಅಕ್ರಮ ನಡೆದಿದ್ದ ಸಿ ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು.

ಬಾಂಧವರೇ, ಗುಡ್ಡದ ಕಲ್ಲು ಇದ್ದ ಹಾಗೆಯೇ ಇತ್ತು. ಕುಲುಮೆ, ಯಂತ್ರ, ಬೆಲೆ ಬದಲಾದಂತೆ ಅದಕ್ಕೆ ಅದಿರೆಂಬ ಹೆಸರು ಬಂತು. ಮುಂದೆ ಯಾರಾದರೂ ಬಂದು ನಿಮ್ಮೂರ ಗುಡ್ಡದ ದರ್ಜೆ ಹೇಳಿದರೆ, ಅದರಲ್ಲಿ ಕಬ್ಬಿಣ ಎಷ್ಟು ಎಂಬುದರ ಜೊತೆಗೆ, ಅದರ ಕೆಳಗಿನ ಬಾವಿ, ಹೊಲಗಳನ್ನು ಯಾವ ದರ್ಜೆಗೆ ಸೇರಿಸಿದ್ದೀರಿ ಎಂದೂ ಕೇಳಿ.