ಜೀಪಿನ ಹಿಂದಿನ ಚೌಕ ತೂತು: ಭಾರ ಹೊರುವ ಬುದ್ಧಿಯ ಒಂದು ಇತಿಹಾಸ



ಅಮೆರಿಕದ ಯಾವುದಾದರೂ ಅಂಗಡಿಯ ಪಾರ್ಕಿಂಗಿನಲ್ಲಿ ನಿಂತು ಜೀಪು, ಪಿಕಪ್‌ಗಳ ಹಿಂಭಾಗವನ್ನು ನೋಡಿ. ಎಷ್ಟೋ ಗಾಡಿಗಳಿಗೆ ಬಂಪರಿನ ಕೆಳಗೆ 2 ಇಂಚಿನ ಒಂದು ಚೌಕ ತೂತು ಇರುತ್ತದೆ. ಅದೇ ಹಿಚ್ ರಿಸೀವರ್. ಅದರೊಳಗೆ ಚೌಕ ಪೈಪು ತೂರಿಸಿ ಅಡ್ಡಲಾಗಿ ಒಂದು ಪಿನ್ನು ಹಾಕಿದರೆ ಟ್ರೇಲರ್ ಎಳೆಯಬಹುದು, ಸೈಕಲ್ ಕಟ್ಟಬಹುದು, ಸಾಮಾನಿನ ಕ್ಯಾರಿಯರ್ ಕೂರಿಸಬಹುದು. ಕ್ಯಾಂಪಿಂಗ್‌ಗೆ ಹೋಗುವ ನಿಮ್ಮಲ್ಲಿ ಕೆಲವರು ಆ ಕ್ಯಾರಿಯರನ್ನು ಗ್ಯಾರೇಜಿನಲ್ಲೇ ವೆಲ್ಡ್ ಮಾಡುವ ಯೋಚನೆಯಲ್ಲಿರಬಹುದು. ಒಳ್ಳೆಯ ಯೋಚನೆ. ಆದರೆ ಕಬ್ಬಿಣ ಕೊಯ್ಯುವ ಮೊದಲು ಆ ತೂತು ಎಲ್ಲಿಂದ ಬಂತು, ಅದು ಎಷ್ಟು ಭಾರ ತಾಳುತ್ತದೆ ಎಂಬುದನ್ನು ಸ್ವಲ್ಪ ತಿಳಿಯೋಣ.

ಗಾಡಿಗೆ ಹಿಂದೆ ಏನಾದರೂ ಜೋಡಿಸುವ ಚಾಳಿ ಕಾರಿನಷ್ಟೇ ಹಳೆಯದು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು. ರೈತರು ಅದನ್ನು ಕೊಂಡು, ಹಿಂದಿನ ಭಾಗ ಕಳಚಿ, ಮರದ ಪೆಟ್ಟಿಗೆ ಬಡಿದು, ಆಲೂಗಡ್ಡೆಯನ್ನೋ ಹಾಲಿನ ಕ್ಯಾನನ್ನೋ ಹೇರಿದರು. ಕಂಪನಿಯೇ ಪಿಕಪ್ ಪೆಟ್ಟಿಗೆ ಜೋಡಿಸಿ ಮಾರಿದ್ದು 1925ರಲ್ಲಿ, ಬೆಲೆ 281 ಡಾಲರ್. ಎಂದರೆ ಮೊದಲು ಮನೆಯಲ್ಲಿ ತಯಾರಾಯಿತು, ಆಮೇಲೆ ಕಾರ್ಖಾನೆಯಲ್ಲಿ.

ಜೀಪಿನ ಕಥೆ ಶುರುವಾಗುವುದು 1940ರ ಜುಲೈನಲ್ಲಿ. ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕಾಗದ ಬರೆದು, ನಾಲ್ಕೂ ಚಕ್ರ ಎಳೆಯುವ, 600 ಪೌಂಡ್ ಹೊರುವ ಹಗುರ ಗಾಡಿ ಬೇಕೆಂದಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮಾದರಿ ಗಾಡಿ ಕಟ್ಟಿ, ಸೆಪ್ಟೆಂಬರ್ 23ರಂದು ಸೈನ್ಯದ ಮುಂದೆ ನಿಲ್ಲಿಸಿತು. ಆದರೆ ದೊಡ್ಡ ಆರ್ಡರುಗಳು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಅವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಬಾಂಟಮ್ ಮಾಡಿದ್ದು ಮೂರು ಸಾವಿರಕ್ಕಿಂತ ಕಡಿಮೆ. ಮೊದಲ ಜೀಪು ಕಟ್ಟಿದ ಕಂಪನಿಯ ಪಾಲಿಗೆ ಉಳಿದ ಕೆಲಸವೆಂದರೆ ಜೀಪಿನ ಹಿಂದೆ ಕಟ್ಟುವ ಪುಟ್ಟ ಟ್ರೇಲರ್!

ಆ ಟ್ರೇಲರ್ ಏಕೆ ಬೇಕಾಯಿತು ಎಂಬುದೇ ನಮಗೆ ಮುಖ್ಯ. ಜೀಪಿನ ಎರಡು ಅಚ್ಚುಗಳ ನಡುವಿನ ದೂರ ಬರೀ 80 ಇಂಚು. ಇಷ್ಟು ಗಿಡ್ಡ ಗಾಡಿಯ ಮೇಲೆ ಜನ, ರೇಡಿಯೋ, ಪೆಟ್ರೋಲು, ಮದ್ದುಗುಂಡು ಎಲ್ಲ ಹೇರಿದರೆ ಜಾಗ ಸಾಲದು, ಗಾಡಿಯೂ ತಾಳದು. ಟ್ರೇಲರಿಗೆ ತನ್ನದೇ ಚಕ್ರಗಳಿವೆ. ಭಾರದ ಬಹುಪಾಲನ್ನು ನೆಲಕ್ಕೆ ಒಪ್ಪಿಸುವುದು ಆ ಚಕ್ರಗಳೇ. ಕ್ಯಾರಿಯರಿಗೆ ಚಕ್ರವಿಲ್ಲ. ಅದು ಗಾಡಿಗೇ ನೇತಾಡಬೇಕು. ಈ ವ್ಯತ್ಯಾಸವನ್ನು ನೆನಪಿಡಿ.

ಯುದ್ಧ ಮುಗಿದ 1945ರಲ್ಲೇ ವಿಲ್ಲಿಸ್ ಕಂಪನಿ ರೈತರಿಗಾಗಿ ಸಿಜೆ-2ಎ ಜೀಪನ್ನು ತಂದಿತು. ಹಿಂದೆ ಬಾಗಿಲು, ಎಳೆಯಲು ಕೊಂಡಿ. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಸ್ಯಾಮ್ ಶೋಯೆನ್ ಮತ್ತು ಆನಾ ಮೇರಿ ದಂಪತಿ 5,000 ಡಾಲರ್ ಹಾಕಿ ಯು-ಹಾಲ್ ಎಂಬ ಬಾಡಿಗೆ ಟ್ರೇಲರ್ ವ್ಯಾಪಾರ ಶುರುಮಾಡಿದರು. ಟ್ರೇಲರನ್ನು ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡಬಹುದಿತ್ತು. ಆಗಿನ ಕಾರಿನ ಬಂಪರ್ ದಪ್ಪ ಉಕ್ಕು. ಕೊಂಡಿಯನ್ನು ಅದಕ್ಕೇ ಬಿಗಿಯುತ್ತಿದ್ದರು. 1973ರ ಮಾದರಿಗಳಿಂದ ಬಂಪರ್ ಸಣ್ಣ ಡಿಕ್ಕಿ ತಾಳಬೇಕೆಂಬ ಸರ್ಕಾರಿ ನಿಯಮ ಬಂದು ಅದರ ರಚನೆಯೇ ಬದಲಾಯಿತು. ಭಾರ ಎಳೆಯುವ ಕೊಂಡಿ ಕ್ರಮೇಣ ಚಾಸಿಗೆ ಸರಿಯಿತು, ಚೌಕ ತೂತು ರೂಢಿಯಾಯಿತು. ಅಳತೆ ಒಂದೇ ಆದದ್ದರಿಂದ ಒಬ್ಬರು ಮಾಡಿದ ಕ್ಯಾರಿಯರ್ ಇನ್ನೊಬ್ಬರ ಗಾಡಿಗೂ ಕೂರುವಂತಾಯಿತು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಜೀಪು ನಮ್ಮ ನಾಡಿಗೂ ಬಂತು. 1947ರಿಂದ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಏರುದಾರಿಯಲ್ಲಿ ಓಡಿದ್ದು ಅದೇ ವಂಶದ ಗಾಡಿ. ಆದರೆ ಹಿಂಭಾರದ ಲೆಕ್ಕ ನಮ್ಮ ಹಳ್ಳಿಗಳಿಗೆ ಜೀಪು ಕಲಿಸಿದ್ದಲ್ಲ, ಎತ್ತಿನ ಗಾಡಿ ಕಲಿಸಿದ್ದು. ಎರಡು ಚಕ್ರದ ಗಾಡಿಯಲ್ಲಿ ಮೂಟೆಗಳು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕೊರಳ ಹಗ್ಗವನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಜಜ್ಜುತ್ತದೆ. ಸರಿಯಾಗಿ ಹೇರಿದ ಗಾಡಿಯಲ್ಲಿ ನೊಗ ಹೆಗಲ ಮೇಲೆ ಹದವಾಗಿ ಕೂರುತ್ತದೆ. ಟ್ರೇಲರಿನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮಾತ್ರ ಕೊಂಡಿಯ ಮೇಲಿರಲಿ ಎಂದು ಇಲ್ಲಿನವರು ಹೇಳುವುದೂ ಅದೇ ಹದವನ್ನು.

ಈಗ ಇದನ್ನು ಕ್ಯಾರಿಯರಿಗೆ ಅನ್ವಯಿಸಿ. ಎರಡು ಬಾಗಿಲಿನ ಈಗಿನ ರ‍್ಯಾಂಗ್ಲರ್ ಜೀಪಿನಲ್ಲಿ ಅಚ್ಚುಗಳ ನಡುವೆ ಸುಮಾರು 2.46 ಮೀಟರ್. ಕ್ಯಾರಿಯರ್ ಮತ್ತು ಸಾಮಾನು ಸೇರಿ 90 ಕಿಲೋ ಎನ್ನಿ. ಅದರ ನಡುಭಾಗ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ ಎನ್ನಿ. ಸನ್ನೆಗೋಲಿನ ಲೆಕ್ಕದಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 44 ಕಿಲೋ ಇಳಿಯುತ್ತದೆ. ಹಿಂದಿನ ಅಚ್ಚಿಗೆ 90ರ ಬದಲು 134 ಕಿಲೋ ಬೀಳುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ಈ ಗಾಡಿಯ ಕೊಂಡಿಯ ಮೇಲೆ ಕಂಪನಿ ಒಪ್ಪುವ ಭಾರವೇ 200 ಪೌಂಡ್, ಹೆಚ್ಚುಕಡಿಮೆ ಅದೇ 90 ಕಿಲೋ. ಅದರಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರಿದೆ ಎಂಬುದನ್ನು ಮರೆಯುವವರೇ ಹೆಚ್ಚು. ಕಲ್ಲುದಾರಿಯಲ್ಲಿ ಗುಂಡಿಗೆ ಬಿದ್ದ ಕ್ಷಣ ಅದೇ ಭಾರ ಹಲವು ಪಟ್ಟಾಗಿ ಜಗ್ಗುತ್ತದೆ. ಹಾಗಾಗಿ ಅಂಥ ದಾರಿಗೆ ಮಿತಿಯ ಅರ್ಧ ಹೇರಿದರೆ ಕ್ಷೇಮ.

ಮಾಡುವವರಿಗೆ ನಾಲ್ಕು ಮಾತು. ನಡುವಿನ ಚೌಕ ಪೈಪು ಕಾಲಿಂಚು ದಪ್ಪದ್ದಿರಲಿ, ಕ್ಯಾರಿಯರಿನ ಹಿಂದಿನ ಅಂಚಿನವರೆಗೆ ಒಂದೇ ತುಂಡಾಗಿ ಹೋಗಲಿ. ಪೈಪಿಗೆ ಅತಿ ಹೆಚ್ಚು ಬಾಗು ಬೀಳುವುದು ರಿಸೀವರಿನ ಬಾಯಲ್ಲಿ. ಅಲ್ಲಿ ವೆಲ್ಡಿಂಗ್ ಜೋಡಣೆಯಾಗಲಿ, ಬೇಡದ ತೂತಾಗಲಿ ಬೇಡ. ಸತು ಲೇಪಿಸಿದ ಕಬ್ಬಿಣವನ್ನು ಹಾಗೇ ವೆಲ್ಡ್ ಮಾಡಿದರೆ ಹೊಗೆಯಿಂದ ಜ್ವರ ಬರುತ್ತದೆ. ಹಿಂದಿನ ದೀಪ, ನಂಬರ್ ಪ್ಲೇಟು ಮುಚ್ಚಿಹೋಗಬಾರದು. ಪೆಟ್ರೋಲ್ ಕ್ಯಾನನ್ನು ಅಲ್ಲಿಡಲೇಬೇಡಿ; ಹಿಂದಿನಿಂದ ಗುದ್ದಿದರೆ ಮೊದಲ ಏಟು ಅದಕ್ಕೇ. ಕ್ಯಾರಿಯರ್ ಕಳಚಿ ಹೆದ್ದಾರಿಗೆ ಬಿದ್ದರೆ ಪಾಡು ಪಡುವವರು ನೀವಲ್ಲ, ನಿಮ್ಮ ಹಿಂದೆ ಬರುವವರು.

ನಮ್ಮ ಬಹಳಷ್ಟು ಮನೆಗಳಲ್ಲಿ ಕಬ್ಬಿಣದ ಕೆಲಸವೆಂದರೆ "ಅದಕ್ಕೆ ಬೇರೆ ಜನ ಇದ್ದಾರೆ, ನೀನು ಓದು" ಎನ್ನುವ ಮಾತಿದೆ. ಓದಿ, ಖಂಡಿತ ಓದಿ. ಆದರೆ ಮೇಲಿನ ಲೆಕ್ಕವನ್ನು ಪುಸ್ತಕವಿಲ್ಲದೆ ದಿನವೂ ಮಾಡುತ್ತಿದ್ದವರು ನಿಮ್ಮ ಅಜ್ಜನ ಊರಿನಲ್ಲೇ ಇದ್ದರು. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಗಾಡಿ ಹೇರುವಾಗ ಹಿಂಭಾರ ಮುಂಭಾರ ಹೇಗೆ ನೋಡುತ್ತಿದ್ದರು ಎಂದು ಹಿರಿಯರನ್ನು ಕೇಳಿ. ಕೇಳಿಕೊಂಡು ಆಮೇಲೆ ವೆಲ್ಡಿಂಗ್ ಶುರುಮಾಡಿ.