ಪ್ರಾಸ್ಟೇಟ್‌ನ ರಕ್ತನಾಳ ವಿರೂಪ: ಸೂಜಿಗೆ ಮುನ್ನ ಡಾಪ್ಲರ್

ವಯಸ್ಸಾದ ಗಂಡಸರ ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರು ಮೊದಲು ಹುಡುಕುವುದು ಪ್ರಾಸ್ಟೇಟ್ ಗ್ರಂಥಿಯ ಊತ, ಸೋಂಕು, ಕಲ್ಲು ಅಥವಾ ಕ್ಯಾನ್ಸರ್. ಬಹುಪಾಲು ರೋಗಿಗಳಲ್ಲಿ ಕಾರಣ ಇವುಗಳಲ್ಲೇ ಸಿಗುತ್ತದೆ. ತೀರಾ ಅಪರೂಪಕ್ಕೆ ಮಾತ್ರ ದೋಷ ಗ್ರಂಥಿಯ ರಕ್ತನಾಳಗಳಲ್ಲೇ ಇರುತ್ತದೆ. ಆಗ ಅಪಧಮನಿಯ ರಕ್ತ ಲೋಮನಾಳಗಳನ್ನು ಹಾಯದೆ, ನೈಡಸ್ ಎಂಬ ನಾಳಗಳ ಗೋಜಲಿನ ಮೂಲಕ ನೇರ ಅಭಿಧಮನಿಗೆ ನುಗ್ಗುತ್ತದೆ. ಕೆಲವರಿಗೆ ಇದು ಹುಟ್ಟಿನಿಂದ ಬಂದದ್ದು. ಪೆಟ್ಟು ಬಿದ್ದ ಮೇಲೆ, ಶಸ್ತ್ರಚಿಕಿತ್ಸೆಯ ನಂತರ ಇಂಥದೇ ಅಡ್ಡದಾರಿ ಹುಟ್ಟಿಕೊಳ್ಳುವುದೂ ಉಂಟು. ವೀರ್ಯದಲ್ಲಿ ರಕ್ತ, ಮೂತ್ರದ ಅವಸರ, ಕಿಬ್ಬೊಟ್ಟೆ ನೋವು ಕಾಣಿಸಬಹುದು. ಯಾವ ಲಕ್ಷಣವೂ ಈ ರೋಗಕ್ಕೇ ಮೀಸಲಲ್ಲ.

ಹಾಗಾಗಿ ಕ್ಯಾನ್ಸರ್ ಶಂಕೆಯಿಂದ ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆಯುವ ಬಯಾಪ್ಸಿಗೆ ಮುನ್ನ, ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿ ನೋಡಲೇಬೇಕು. ಸಾದಾ ಚಿತ್ರದಲ್ಲಿ ನೀರುಗುಳ್ಳೆಯಂತೆ ಕಪ್ಪಗಿದ್ದ ಜಾಗ ಡಾಪ್ಲರ್‌ನಲ್ಲಿ ಬಣ್ಣಬಣ್ಣವಾಗಿ ತುಂಬಿಕೊಂಡರೆ, ಅಭಿಧಮನಿಯೂ ಅಪಧಮನಿಯ ಲಯದಲ್ಲೇ ಮಿಡಿದರೆ, ಅಲ್ಲಿ ಸೂಜಿ ಚುಚ್ಚುವುದು ಭಾರೀ ರಕ್ತಸ್ರಾವಕ್ಕೆ ದಾರಿ. ಈ ಸರಳ ತಪಾಸಣೆಯನ್ನು ಬಿಟ್ಟುಬಿಡಲು ಯಾವ ನೆಪವೂ ಸಲ್ಲದು. ಸಿಟಿ, ಎಂಆರ್‌ಐ ಆಂಜಿಯೋಗ್ರಾಂಗಳು ವಿರೂಪದ ವಿಸ್ತಾರವನ್ನು ತೋರಿಸುತ್ತವೆ. ಯಾವ ಕವಲು ರಕ್ತ ತರುತ್ತದೆ, ಯಾವ ಅಭಿಧಮನಿ ಒಯ್ಯುತ್ತದೆ ಎಂಬುದು ಖಚಿತವಾಗುವುದು ಕ್ಯಾಥೆಟರ್ ಆಂಜಿಯೋಗ್ರಾಂನಲ್ಲಿ.

ಹಿಂದೆ ಶಸ್ತ್ರವೈದ್ಯರು ಕಿಬ್ಬೊಟ್ಟೆಯ ಅಂಗಗಳಿಗೆ ರಕ್ತ ಒಯ್ಯುವ ಒಳ ಇಲಿಯಾಕ್ ಅಪಧಮನಿಯನ್ನೇ ಕಟ್ಟಿಬಿಡುತ್ತಿದ್ದುದುಂಟು. ರಕ್ತ ಕೆಲಕಾಲ ನಿಲ್ಲುತ್ತಿತ್ತು. ಆದರೆ ನೈಡಸ್ ಉಳಿದಿರುವತನಕ ಅದು ಅಕ್ಕಪಕ್ಕದ ನಾಳಗಳಿಂದ ರಕ್ತ ಸೆಳೆದುಕೊಳ್ಳುತ್ತದೆ; ಸಾಲದ್ದಕ್ಕೆ, ಮುಂದೆ ಕ್ಯಾಥೆಟರ್ ಹೋಗಬೇಕಾದ ದಾರಿಯೇ ಮುಚ್ಚಿಹೋಗಿರುತ್ತದೆ. ಮುಚ್ಚಬೇಕಾದದ್ದು ನೈಡಸ್ಸನ್ನು.

ನಾಳದ ಒಳಗಿನಿಂದಲೇ ರಕ್ತದ ಹರಿವು ಮುಚ್ಚುವ ಎಂಬೊಲೈಸೇಶನ್ ಮಾಡುವುದು ಇದನ್ನೇ. ತೊಡೆಸಂದಿಯ ಅಥವಾ ಮುಂಗೈಯ ಅಪಧಮನಿಯಿಂದ ಸಾಗಿದ ಸಣ್ಣ ಕ್ಯಾಥೆಟರ್ ನೈಡಸ್‌ನ ಬಾಯಿಗೆ ತಲುಪುತ್ತದೆ. ಎನ್‌ಬಿಸಿಎ ಎಂಬ, ನೈಡಸ್ ತುಂಬಲು ಬಳಸುವ ಅಂಟು ರಕ್ತ ತಾಗಿದೊಡನೆ ಗಟ್ಟಿಯಾಗುವುದರಿಂದ ಮೊದಲು ನಳಿಕೆಯನ್ನು ಡೆಕ್ಸ್‌ಟ್ರೋಸ್ ದ್ರಾವಣದಿಂದ ತೊಳೆಯುತ್ತಾರೆ. ಎಕ್ಸ್‌ರೇಯಲ್ಲಿ ಕಾಣಲೆಂದು ಅಂಟಿಗೆ ಲಿಪಿಯೊಡಾಲ್ ಎಣ್ಣೆ ಬೆರೆಸುತ್ತಾರೆ. ಎಣ್ಣೆ ಹೆಚ್ಚಿದಷ್ಟೂ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾದರೆ ನೈಡಸ್ ತುಂಬದು, ತಡವಾದರೆ ಅಂಟು ಅಭಿಧಮನಿಯಲ್ಲಿ ಕೊಚ್ಚಿಹೋಗಿ ಶ್ವಾಸಕೋಶ ಸೇರೀತು. ಅಂಟು ಬಿಟ್ಟ ಮರುಕ್ಷಣವೇ ಕ್ಯಾಥೆಟರ್ ಹಿಂದೆಗೆಯದಿದ್ದರೆ ಅದೂ ಅಲ್ಲೇ ಅಂಟಿಕೊಳ್ಳಬಹುದು. ಓನಿಕ್ಸ್, ಆಲ್ಕೋಹಾಲ್‌ಗಳೂ ಬಳಕೆಯಲ್ಲಿವೆ. ಒಂದೇ ದೊಡ್ಡ ಅಭಿಧಮನಿಯ ಮೂಲಕ ರಕ್ತ ಹೊರಬೀಳುತ್ತಿದ್ದರೆ ಆ ಕಡೆಯಿಂದಲೇ ಹೋಗಿ ಕಾಯಿಲ್ ಎಂಬ ಲೋಹದ ಸುರುಳಿಗಳನ್ನು ತುಂಬುವ ದಾರಿಯೂ ಇದೆ.

ಬ್ರೆಜಿಲ್‌ನ ಫ್ರಾನ್ಸಿಸ್ಕೊ ಕಾರ್ನೆವಾಲೆ ತಂಡ 2010ರಲ್ಲಿ ವರದಿ ಮಾಡಿದ, ಪ್ರಾಸ್ಟೇಟ್ ಊತದ ಎಂಬೊಲೈಸೇಶನ್ ಮುಂದೆ ಹಲವೆಡೆ ಹಬ್ಬಿತು. ಅದರಿಂದ ಗ್ರಂಥಿಯ ಪುಟ್ಟ ಅಪಧಮನಿಗಳ ಪರಿಚಯ ವೈದ್ಯರಿಗೆ ಹೆಚ್ಚಾಯಿತು. ಮೂತ್ರಕೋಶ, ಗುದನಾಳ, ಶಿಶ್ನಗಳಿಗೆ ಹೋಗುವ ಕವಲುಗಳು ಪಕ್ಕದಲ್ಲೇ ಇರುವುದರಿಂದ ಆ ಪರಿಚಯವಿಲ್ಲದೆ ಇಲ್ಲಿ ಕೈಹಾಕುವಂತಿಲ್ಲ. ಒಂದೇ ಸಲಕ್ಕೆ ಎಲ್ಲ ಮುಚ್ಚದಿರಬಹುದು. ರಕ್ತ ನಿಂತ ರೋಗಿಯನ್ನೂ ಮತ್ತೆ ಕರೆಸಿ ಡಾಪ್ಲರ್ ಮಾಡುತ್ತಾರೆ, ಹರಿವು ಉಳಿದಿದ್ದರೆ ಇನ್ನೊಮ್ಮೆ ಎಂಬೊಲೈಸೇಶನ್‌ಗೆ ದಿನ ಗೊತ್ತುಮಾಡುತ್ತಾರೆ.