ಕರೆಯದೆ ಬಂದವರ ರಂಗಭೂಮಿ: ಎಡಿನ್‌ಬರೋ ‘ಫ್ರಿಂಜ್’ ಉತ್ಸವದ ಚರಿತ್ರೆಯಿಂದ ಕೆಲವು ಸಂಗತಿಗಳು

ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷ ಕಳೆದಿದ್ದಾಗ, 1947ರ ಆಗಸ್ಟಿನಲ್ಲಿ, ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಕಲೋತ್ಸವವೊಂದು ಪ್ರಾರಂಭವಾಯಿತು. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ್ದ ರುಡಾಲ್ಫ್ ಬಿಂಗ್ ಅದರ ಸೂತ್ರಧಾರರು. ನಾಜಿಗಳ ಕಾಲದಲ್ಲಿ ದೇಶಬಿಟ್ಟು ಹೋಗಿದ್ದ ಬ್ರೂನೋ ವಾಲ್ಟರರು ತಮ್ಮ ಹಳೆಯ ವಿಯೆನ್ನಾ ವಾದ್ಯವೃಂದವನ್ನು ಅಲ್ಲಿ ಮತ್ತೆ ಕೂಡಿಕೊಂಡರು. ಲಂಡನ್ನಿನಿಂದ ಓಲ್ಡ್ ವಿಕ್, ಪ್ಯಾರಿಸಿನಿಂದ ಲೂಯಿ ಜೂವೆಯವರ ಕಂಪೆನಿ ಆಹ್ವಾನಿತವಾಗಿದ್ದವು. ಆದರೆ ಉತ್ಸವ ನಡೆಯುತ್ತಿದ್ದ ನಾಡಿನದೇ ಆದ ನಾಟಕಕ್ಕೆ ಈ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ.

ಆ ವರ್ಷವೇ ಎಂಟು ಮಂಡಲಿಗಳು ಯಾರೂ ಕರೆಯದೆ ಬಂದವು. ಆರು ಸ್ಕಾಟ್ಲೆಂಡಿನವು, ಎರಡು ಇಂಗ್ಲೆಂಡಿನವು. ಸಿಕ್ಕ ಸಣ್ಣಪುಟ್ಟ ಸಭಾಂಗಣಗಳಲ್ಲಿ ಸ್ವಂತ ಖರ್ಚಿನಿಂದ ಆಡಿದವು. ಒಂದು ಪ್ರದರ್ಶನವಂತೂ ಎಡಿನ್‌ಬರೋದಲ್ಲಿಯೂ ಅಲ್ಲ, ಫೋರ್ತ್ ಕೊಲ್ಲಿಯ ಆಚೆಯ ಡನ್‌ಫರ್ಮ್‌ಲಿನ್ನಿನ ಪುರಾತನ ಇಗರ್ಜಿಯಲ್ಲಿ ನಡೆಯಿತು. ಇಂದು ‘ಫ್ರಿಂಜ್’ ಎಂದೊಡನೆ ದಿಟ್ಟತನ, ರೂಢಿಭಂಜನೆ ಎಂಬ ಮಾತುಗಳು ನೆನಪಿಗೆ ಬರುತ್ತವೆ. ಆ ಮೊದಲ ವರ್ಷದ ನಾಟಕಗಳನ್ನು ನೋಡಿದರೆ ಈ ಭಾವನೆಗೆ ಆಧಾರ ದೊರೆಯುವುದಿಲ್ಲ. ಡನ್‌ಫರ್ಮ್‌ಲಿನ್ನಿನಲ್ಲಿ ಆಡಿದ್ದು ಮಧ್ಯಯುಗದ ನೀತಿನಾಟಕ ‘ಎವೆರಿಮನ್’. ಗ್ಲಾಸ್ಗೋ ಯೂನಿಟಿ ಮಂಡಲಿ ಆಡಿದ್ದು ಆ ವೇಳೆಗೆ ನಾಲ್ಕು ದಶಕ ಹಳೆಯದಾಗಿದ್ದ ಗೋರ್ಕಿಯ ‘ಪಾತಾಳ’. ನಾಟಕಗಳು ಹೊಸವಲ್ಲ, ಕರೆಯದೆ ಬಂದು ವೇಷ ಕಟ್ಟಿದ್ದೇ ಹೊಸದು. ದಿಟ್ಟತನ ಮೊದಲು ವ್ಯವಸ್ಥೆಯಲ್ಲಿ ಕಾಣಿಸಿಕೊಂಡಿತು, ವಸ್ತುವಿಗೆ ಬಂದದ್ದು ಆಮೇಲೆ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಅಧಿಕೃತ ಉತ್ಸವದ ಅಂಚಿನ ಸುತ್ತ ಖಾಸಗಿ ನಾಟಕಗಳು ಹೆಚ್ಚುತ್ತಿವೆಯೆಂದು 1948ರಲ್ಲಿ ಪತ್ರಿಕೆಯೊಂದರಲ್ಲಿ ಬರೆದವರು ನಾಟಕಕಾರ ರಾಬರ್ಟ್ ಕೆಂಪ್. ಅದೇ ವರ್ಷ ಅಧಿಕೃತ ಉತ್ಸವದಲ್ಲಿ ಟೈರೋನ್ ಗಥ್ರಿಯವರ ನಿರ್ದೇಶನದಲ್ಲಿ ಜಯಭೇರಿ ಹೊಡೆದ, ಡೇವಿಡ್ ಲಿಂಡ್ಸೆಯ ಹದಿನಾರನೆಯ ಶತಮಾನದ ವಿಡಂಬನನಾಟಕವನ್ನು ರಂಗಕ್ಕೆ ಅಳವಡಿಸಿದವರೂ ಇವರೇ. ಪಂಕ್ತಿಯಲ್ಲಿ ಕುಳಿತವರೇ ಹೊರಗಿನವರಿಗೆ ಹೆಸರಿಟ್ಟಂತಾಯಿತು. ಆ ಶಬ್ದವನ್ನು ನಾವು ‘ಸೆರಗಿನ ಕುಚ್ಚು’ ಎನ್ನಬಹುದು. ನಮ್ಮ ಹೆಂಗಳೆಯರು ಸೀರೆ ಕೊಳ್ಳುವಾಗ ಮೊದಲು ಬಿಡಿಸಿ ನೋಡುವುದು ಒಡಲನ್ನಲ್ಲ, ಸೆರಗನ್ನು!

1958ರಲ್ಲಿ ಈ ಮಂಡಲಿಗಳಿಗೆ ಒಂದು ಸೊಸೈಟಿ ಏರ್ಪಟ್ಟಿತು. ಕಾರ್ಯಕ್ರಮಪಟ್ಟಿ ಮುದ್ರಿಸುವುದು, ಟಿಕೆಟು ಮಾರುವುದು, ಮಾಹಿತಿ ಒದಗಿಸುವುದು ಅದರ ಕೆಲಸ. ನಾಟಕಗಳನ್ನು ಆರಿಸುವ ಅಧಿಕಾರವನ್ನು ಮಾತ್ರ ಅದು ಬೇಕೆಂದೇ ತೆಗೆದುಕೊಳ್ಳಲಿಲ್ಲ. ಸಂಸ್ಥೆಯೊಂದು ಹುಟ್ಟುವಾಗಲೇ ತನ್ನ ಕೈ ತಾನೇ ಕಟ್ಟಿಕೊಂಡ ನಿದರ್ಶನಗಳು ವಿರಳ. ಸಂಘಸಂಸ್ಥೆಗಳ ಉಪಸಮಿತಿಗಳಲ್ಲಿ ಕುಳಿತ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಸೊಸೈಟಿ ಬಿಟ್ಟ ಅಧಿಕಾರವನ್ನು ಸರ್ಕಾರ ಬಿಟ್ಟಿರಲಿಲ್ಲ. ರಾಜಮನೆತನದ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನರ ಅನುಮತಿಯಿಲ್ಲದೆ ಹೊಸ ನಾಟಕವನ್ನು ಸಾರ್ವಜನಿಕವಾಗಿ ಆಡಕೂಡದೆಂಬ 1737ರ ಕಟ್ಟಳೆ, 1843ರಲ್ಲಿ ತಿದ್ದುಪಡಿ ಹೊಂದಿ, 1968ರವರೆಗೂ ಜಾರಿಯಲ್ಲಿತ್ತು. ತಪ್ಪಿಸಿಕೊಳ್ಳುವ ದಾರಿಯೊಂದಿತ್ತು: ರಂಗಮಂದಿರವನ್ನು ಸದಸ್ಯರ ಕ್ಲಬ್ಬು ಮಾಡುವುದು. ಹಿಂದೊಮ್ಮೆ ವೇಶ್ಯಾಗೃಹವಾಗಿತ್ತೆಂದು ಪ್ರತೀತಿಯಿದ್ದ ಕಟ್ಟಡದಲ್ಲಿ, ಸುಮಾರು ಅರವತ್ತು ಆಸನಗಳೊಡನೆ 1963ರ ಜನವರಿಯಲ್ಲಿ ತೆರೆದ ‘ಟ್ರಾವರ್ಸ್’ ಅಂಥ ಕ್ಲಬ್ಬು. ಉತ್ಸವದ ಮೂರು ವಾರಗಳ ಚೈತನ್ಯವನ್ನು ವರ್ಷವಿಡೀ ಉಳಿಸಬೇಕೆಂಬುದು ಅದರ ಉದ್ದೇಶ. ಮೊದಲ ಕಾರ್ಯಕ್ರಮ ಸಾರ್ತ್ರ್ ಮತ್ತು ಅರಾಬಾಲರ ನಾಟಕಗಳು. ಎರಡನೆಯ ರಾತ್ರಿ ರಂಗದ ಮೇಲಿನ ಚಾಕು ನಿಜವಾಗಿಯೇ ನಟಿಗೆ ತಗುಲಿ ಆಕೆ ಆಸ್ಪತ್ರೆ ಸೇರಬೇಕಾಯಿತು, ಪುಣ್ಯವಶಾತ್ ಚೇತರಿಸಿಕೊಂಡರು.

ನಮ್ಮಲ್ಲಿಯೂ ಬ್ರಿಟಿಷರು 1876ರಲ್ಲಿ ತಂದ ನಾಟಕಪ್ರದರ್ಶನ ಕಾಯಿದೆ ಇತ್ತು. ತಮ್ಮ ದೇಶದ ಕಟ್ಟಳೆಯನ್ನು ಅವರು 1968ರಲ್ಲಿ ಕಿತ್ತೊಗೆದರೂ, ಇಲ್ಲಿ ಬಿಟ್ಟುಹೋದ ಕಾಯಿದೆ ನಮ್ಮ ಶಾಸನಗ್ರಂಥದಿಂದ ಪೂರ್ತಿ ಅಳಿಸಿಹೋಗಲು 2018 ಬರಬೇಕಾಯಿತು. ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ವಿಜಯ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ 1972ರಲ್ಲಿ ಪರಿಶೀಲನ ಮಂಡಲಿಯ ಕತ್ತರಿಗೆ ಸಿಕ್ಕಿ, ನಿರ್ದೇಶಕ ಕಮಲಾಕರ ಸಾರಂಗರು ಹೈಕೋರ್ಟಿನ ಮೆಟ್ಟಿಲೇರಿ ಗೆಲ್ಲಬೇಕಾಯಿತು.

ಇನ್ನು ಜಮಾಖರ್ಚಿನ ಮಾತು. ಆಯ್ಕೆಸಮಿತಿಯಿಲ್ಲದಿದ್ದಲ್ಲಿ ಆಯ್ಕೆ ಇಲ್ಲವೆಂದಲ್ಲ. ಅದು ಬೇರೆ ಕೈಗೆ ಹೋಗುತ್ತದೆ. 1966ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಮಂಡಲಿಯೊಂದು ಕ್ರಾನ್ಸ್‌ಟನ್ ಬೀದಿಯ ಸಾಮಾನ್ಯ ಹಾಲಿನಲ್ಲಿ ಇಪ್ಪತ್ತೊಂಬತ್ತು ವರ್ಷದ ಲೇಖಕನ ನಾಟಕವೊಂದನ್ನು ಆಡಿತು. ‘ಹ್ಯಾಮ್ಲೆಟ್’ ನಾಟಕದ ಎರಡು ಕ್ಷುಲ್ಲಕ ಪಾತ್ರಗಳನ್ನು ನಡುರಂಗಕ್ಕೆ ತಂದು, ತಮಗೇನಾಗುತ್ತಿದೆಯೆಂದು ತಿಳಿಯದೆ ಅವರು ಸಾವಿನತ್ತ ಸಾಗುವುದನ್ನು ತೋರಿಸುವ ಕೃತಿ ಅದು. ಲೇಖಕರು, ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಡಾರ್ಜಿಲಿಂಗಿನಲ್ಲಿ ಕಳೆದಿದ್ದ ಟಾಮ್ ಸ್ಟಾಪರ್ಡ್. ‘ಅಬ್ಸರ್ವರ್’ ಪತ್ರಿಕೆಯ ರೊನಾಲ್ಡ್ ಬ್ರೈಡನ್ ಮೆಚ್ಚಿ ಬರೆದರು; ಮರುವರ್ಷದ ಏಪ್ರಿಲಿನಲ್ಲಿ ಲಂಡನ್ನಿನ ರಾಷ್ಟ್ರೀಯ ರಂಗಭೂಮಿಯೇ ಅದನ್ನು ಆಡಿತು. ಒಂದು ವಿಮರ್ಶೆಯ ಬಲದ ಮೇಲೆ ನಡೆದ ಸಂಗತಿಯಿದು. ಆ ವಿಮರ್ಶಕರು ಆ ದಿನ ಬೇರೆ ಹಾಲಿಗೆ ಹೋಗಿದ್ದರೆ? ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಅಂದು ಎಂಟಾಗಿದ್ದ ಸಂಖ್ಯೆ 2019ರಲ್ಲಿ 3,800ನ್ನು ಮೀರಿತ್ತು. ಮಾರಾಟವಾದ ಟಿಕೆಟುಗಳು ಮೂವತ್ತು ಲಕ್ಷಕ್ಕೂ ಮಿಗಿಲು. 2013ರಲ್ಲಿ ಫೀಬಿ ವಾಲರ್-ಬ್ರಿಜ್ ಎಂಬ ನಟಿ ಏಕಾಂಗಿಯಾಗಿ ನಿಂತು, ಹೆಣ್ಣಿನ ಕಾಮ, ದುಃಖ, ಅಪರಾಧಭಾವಗಳನ್ನು ಮುಚ್ಚುಮರೆಯಿಲ್ಲದೆ ನುಡಿದ ‘ಫ್ಲೀಬ್ಯಾಗ್’ ಬೆಳಕು ಕಂಡದ್ದೂ ಇಲ್ಲಿಯೇ. ಅಂಥ ನಾಟಕಕ್ಕೆ ಸಮಿತಿ ಒಪ್ಪುತ್ತಿತ್ತೋ ಇಲ್ಲವೋ ಎಂಬ ಚರ್ಚೆಯೇ ಅಲ್ಲಿ ಏಳಲಿಲ್ಲ. ಆದರೆ ಗೆದ್ದವರ ಪಟ್ಟಿಯ ಹಿಂದೆ, ಹಾಲಿನ ಬಾಡಿಗೆ, ಪ್ರಯಾಣ, ಆಗಸ್ಟಿನಲ್ಲಿ ಗಗನಕ್ಕೇರುವ ವಸತಿವೆಚ್ಚ ಇವನ್ನೆಲ್ಲ ತಮ್ಮ ಜೇಬಿನಿಂದ ತೆತ್ತು, ಹತ್ತಾರು ಪ್ರೇಕ್ಷಕರೆದುರು ಆಡಿ, ಸಾಲ ಹೊತ್ತು ಊರಿಗೆ ಮರಳಿದವರಿದ್ದಾರೆ. ಅಧಿಕೃತ ಉತ್ಸವದಲ್ಲಿ ನಷ್ಟವಾದರೆ ಅದು ಸಂಸ್ಥೆಯ ಲೆಕ್ಕಕ್ಕೆ. ಫ್ರಿಂಜಿನಲ್ಲಿ ಬಹುಮಟ್ಟಿಗೆ ಆಡುವವರ ಲೆಕ್ಕಕ್ಕೆ. 1947ರ ಎಂಟು ಮಂಡಲಿಗಳು ಒಪ್ಪಿಕೊಂಡು ಬಂದ ಕರಾರು ಇದೇ, ಅದರಲ್ಲಿ ಈ ಅಂಶ ಮಾತ್ರ ಇಂದಿಗೂ ತಿದ್ದುಪಡಿಯಾಗಿಲ್ಲ.